ಕೈಗೆ ಸಿಗುವ ತುದಿ

ವ್ಯಕ್ತಿತ್ವ ವಿಕಸನದ ಭಾಷಣಕಾರರ ಬಳಿ ಒಂದು ಕತೆ ಕಾಯಂ ಇರುತ್ತದೆ. ಗೂಡಿನಿಂದ ಹೊರಬರಲು ಒದ್ದಾಡುತ್ತಿದ್ದ ಚಿಟ್ಟೆಯೊಂದನ್ನು ಕಂಡು ಮರುಗಿದವನೊಬ್ಬ ಕತ್ತರಿ ತಂದು ಗೂಡು ಸೀಳಿದನಂತೆ. ಚಿಟ್ಟೆ ಸಲೀಸಾಗಿ ಹೊರಬಂತು. ಆದರೆ ರೆಕ್ಕೆ ಬಲಿಯಲಿಲ್ಲ, ಅದು ಹಾರಲೂ ಇಲ್ಲ. ಒದ್ದಾಟದಿಂದಲೇ ರೆಕ್ಕೆಗೆ ಬಲ, ಆದ್ದರಿಂದ ಕಷ್ಟ ಬಂದರೆ ಬೇಸರಪಡಬೇಡಿ ಎನ್ನುವಲ್ಲಿಗೆ ಭಾಷಣ ಮುಗಿಯುತ್ತದೆ, ಚಪ್ಪಾಳೆ ಬೀಳುತ್ತದೆ.

ಈ ಕತೆಯನ್ನು ಶಿಡ್ಲಘಟ್ಟದಲ್ಲಿ ಹೇಳಿ ದಕ್ಕಿಸಿಕೊಳ್ಳುವುದು ಸುಲಭವಲ್ಲ. ರಾಜ್ಯದ ದೊಡ್ಡ ರೇಷ್ಮೆಗೂಡು ಮಾರುಕಟ್ಟೆಗಳಲ್ಲಿ ಒಂದು ಇರುವ ಊರು ಅದು. ಸುತ್ತಲಿನ ಚಿಂತಾಮಣಿ, ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲೂ ಹಿಪ್ಪುನೇರಳೆ ತೋಟ, ಹುಳುಮನೆ ಕಾಣದವರು ಕಡಿಮೆ. ಮಾರುಕಟ್ಟೆಗೆ ಬಂದ ಗೂಡಿನೊಳಗಿನ ಜೀವ ಚಿಟ್ಟೆಯಾಗುವ ಮುಂಚೆಯೇ ಬಿಸಿನೀರಿಗೆ ಬೀಳುತ್ತದೆ. ಚಿಟ್ಟೆ ತೂತು ಮಾಡಿಕೊಂಡು ಹೊರಬಂತೆಂದರೆ ಆ ಗೂಡಿನ ನೂಲು ಉದ್ದಕ್ಕೆ ಬಿಚ್ಚುವುದಿಲ್ಲ, ಬೆಲೆ ಬಿದ್ದುಹೋಗುತ್ತದೆ.

ಬಿತ್ತನೆ ಕೋಠಿಗೆ ಹೋದರಂತೂ ಭಾಷಣದ ಕತೆ ಪೂರ್ತಿ ಕುಸಿಯುತ್ತದೆ. ಅಲ್ಲಿ ಮೊಟ್ಟೆಗಾಗಿ ಚಿಟ್ಟೆಯೇ ಬೇಕು. ಒಂದು ತಳಿಯ ಹೆಣ್ಣನ್ನು ಇನ್ನೊಂದು ತಳಿಯ ಗಂಡಿನೊಂದಿಗೆ ಕೂಡಿಸಬೇಕಾದ್ದರಿಂದ ಹೆಣ್ಣು, ಗಂಡುಗಳನ್ನು ಮೊದಲೇ ಬೇರೆ ಮಾಡಿಟ್ಟುಕೊಳ್ಳುತ್ತಾರೆ. ಬ್ಲೇಡಿನಿಂದ ಗೂಡಿನ ತುದಿ ಕತ್ತರಿಸಿ, ಒಳಗಿನ ಕಂದು ಕೋಶವನ್ನು ಅಂಗೈಗೆ ಸುರಿದುಕೊಂಡು, ಹೊಟ್ಟೆಯ ತುದಿಯ ಪಟ್ಟಿಗಳನ್ನು ನೋಡುತ್ತಾರೆ. ಎಂಟನೇ ಪಟ್ಟಿಯಲ್ಲಿ ಗುಣಾಕಾರದ ಗುರುತಿನಂಥ ಸಣ್ಣ ಗೆರೆ ಇದ್ದರೆ ಹೆಣ್ಣು. ಒಂಬತ್ತನೆಯದರಲ್ಲಿ ಚುಕ್ಕೆ ಇದ್ದರೆ ಗಂಡು. ನುರಿತ ಕಣ್ಣಿಗೆ ಅರೆಕ್ಷಣ ಸಾಕು, ಒಂದು ಈ ತಟ್ಟೆಗೆ, ಒಂದು ಆ ತಟ್ಟೆಗೆ. ಗೂಡೇ ಇಲ್ಲದ ಈ ಕೋಶಗಳಿಂದ ಕೆಲವು ದಿನಗಳ ಮೇಲೆ ಎದ್ದುಬರುವ ಚಿಟ್ಟೆಗಳು ಯಾವ ಊನವೂ ಇಲ್ಲದೆ ಕೂಡುತ್ತವೆ, ನೂರಾರು ಮೊಟ್ಟೆ ಇಡುತ್ತವೆ. ಅವು ಹಾರುವುದಿಲ್ಲ, ನಿಜ. ಗೂಡನ್ನು ತಾನೇ ತೂತು ಮಾಡಿಕೊಂಡು ಬಂದ ರೇಷ್ಮೆಚಿಟ್ಟೆಯೂ ಹಾರುವುದಿಲ್ಲ. ಸಾವಿರಾರು ವರ್ಷ ಮನುಷ್ಯರ ಸಾಕಣೆಯಲ್ಲಿದ್ದು ಹಾರಾಟ ಮರೆತ ಜೀವ ಅದು. ಹೊರಬರಲು ಅದು ರೆಕ್ಕೆಯ ಬಲವನ್ನು ಬಳಸುವುದೂ ಇಲ್ಲ. ಬಾಯಿಂದ ಕೊಕೂನೇಸ್ ಎಂಬ ಕಿಣ್ವವನ್ನು ಒಸರಿಸಿ, ಎಳೆಗಳನ್ನು ಅಂಟಿಸಿದ ಸೆರಿಸಿನ್ ಎಂಬ ಗೋಂದನ್ನು ಸಡಿಲಿಸಿ, ತಲೆ ತೂರಿಸಿಕೊಂಡು ಬರುತ್ತದೆ. ಮುದುರಿದ ರೆಕ್ಕೆ ಬಿಚ್ಚಿಕೊಳ್ಳುವುದು ಹೊರಬಂದ ಮೇಲೆ, ದೇಹದ ದ್ರವ ರೆಕ್ಕೆಯ ನಾಳಗಳಿಗೆ ನುಗ್ಗಿದಾಗ.

ಹುಳು ಬೆಳೆಯುವ ಕ್ರಮವೂ ಭಾಷಣಕಾರರಿಗೆ ಅನುಕೂಲವಾಗಿಲ್ಲ. ಮೊಟ್ಟೆಯೊಡೆದು ಬಂದ ಹುಳು 25 ದಿನಗಳ ಆಸುಪಾಸಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ತೂಕ ಹೆಚ್ಚಿಸಿಕೊಳ್ಳುತ್ತದೆ. ಚರ್ಮ ಅಷ್ಟು ಹಿಗ್ಗದು. ಹಾಗಾಗಿ ನಾಲ್ಕು ಸಲ ಅದನ್ನು ಕಳಚಿಕೊಳ್ಳಬೇಕು, ಅಂದರೆ ನಾಲ್ಕು ಜ್ವರ ಏಳಬೇಕು. ಜ್ವರಕ್ಕೆ ಕೂತ ಹುಳು ತಲೆ ಎತ್ತಿಕೊಂಡು ಅಲುಗದೆ ಇರುತ್ತದೆ, ತಿನ್ನುವುದಿಲ್ಲ. ಬಲ್ಲವರು ಆಗ ಸೊಪ್ಪು ನಿಲ್ಲಿಸಿ, ಸುಣ್ಣದ ಪುಡಿ ಉದುರಿಸಿ ಹಾಸಿಗೆಯನ್ನು ಒಣಗಿಸುತ್ತಾರೆ, ಗಾಳಿಯಾಡುವಂತೆ ನೋಡಿಕೊಳ್ಳುತ್ತಾರೆ, ಮುಟ್ಟಲು ಹೋಗುವುದಿಲ್ಲ. ಎಲ್ಲ ಹುಳುಗಳೂ ಎದ್ದ ಮೇಲೆಯೇ ಮತ್ತೆ ಸೊಪ್ಪು. ಮೈ ಬದಲಿಸುವ ಹೊತ್ತಿನಲ್ಲಿ ಇನ್ನಷ್ಟು ಕಷ್ಟ ಕೊಟ್ಟು ಹುಳುವನ್ನು ಗಟ್ಟಿ ಮಾಡಲು ಹೊರಟವರನ್ನು ಯಾವ ಹುಳುಮನೆಯೂ ಕಂಡಿಲ್ಲ.

ಹಾಗಾದರೆ ಕಷ್ಟ ಮನುಷ್ಯನನ್ನು ಗಟ್ಟಿ ಮಾಡುತ್ತದೆ ಎನ್ನುವ ಮಾತು ಸುಳ್ಳೇ? ಅರ್ಧ ನಿಜ. ಯಾವ ಅರ್ಧ ಎಂದು ತಿಳಿಯಲು ಮನೋವಿಜ್ಞಾನ ಸುಮಾರು ಅರ್ಧ ಶತಮಾನ ತೆಗೆದುಕೊಂಡಿತು. ಆ ವಿಜ್ಞಾನಕ್ಕೆ ಹೋಗುವ ಮುಂಚೆ ಇದೇ ಚಿಕ್ಕಬಳ್ಳಾಪುರ ಜಿಲ್ಲೆಯ ಒಬ್ಬರ ಬದುಕನ್ನು ನೋಡೋಣ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರ ಜೂನ್ 6ರಂದು ಎಚ್. ನರಸಿಂಹಯ್ಯ ಹುಟ್ಟಿದರು. ಬಡ ಕುಟುಂಬ, ತಾಯಿ ಕೂಲಿ ಮಾಡುತ್ತಿದ್ದರು. ಊರಿನ ಶಾಲೆಯ ಓದು ಮುಗಿದಾಗ ಮುಂದಕ್ಕೆ ಅಲ್ಲಿ ಹೈಸ್ಕೂಲೇ ಇರಲಿಲ್ಲ. ಹುಡುಗ ಮನೆಯಲ್ಲಿ ಉಳಿಯಬೇಕಾಯಿತು. ಹಳ್ಳಿಗಳಲ್ಲಿ ಎಷ್ಟೋ ಮಕ್ಕಳ ಓದು ನಿಂತುಹೋದದ್ದು ಈ ಘಟ್ಟದಲ್ಲಿಯೇ. ಹೊಸೂರಿನ ಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ಎಂ. ಎಸ್. ನಾರಾಯಣರಾಯರು ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಸೇರಿಕೊಳ್ಳುವಂತೆ ದಾರಿ ತೋರಿಸಿದರು. ಬಸ್ಸಿಗೆ ದುಡ್ಡಿರಲಿಲ್ಲ. 1935ರಲ್ಲಿ, ಹದಿನೈದರ ವಯಸ್ಸಿನಲ್ಲಿ, ನರಸಿಂಹಯ್ಯನವರು ಹೊಸೂರಿನಿಂದ ಬೆಂಗಳೂರಿಗೆ ಎರಡು ದಿನ ನಡೆದರು. ದೂರ 80 ಕಿಲೋಮೀಟರಿಗೂ ಹೆಚ್ಚು. ಬಡ ವಿದ್ಯಾರ್ಥಿಗಳ ನಿಲಯದಲ್ಲಿ ಇರಲು ಜಾಗ ಸಿಕ್ಕಿತು.

ಮುಂದಿನ ದಾರಿಯೂ ನೇರವಾಗಿರಲಿಲ್ಲ. 1942ರಲ್ಲಿ ಓದು ಬಿಟ್ಟು ಚಲೇಜಾವ್ ಚಳವಳಿಗೆ ಇಳಿದು ಜೈಲು ಸೇರಿದರು. ಹೊರಬಂದು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಓದು ಮುಗಿಸಿ, 1946ರಲ್ಲಿ ನ್ಯಾಷನಲ್ ಕಾಲೇಜಿನ ಅಧ್ಯಾಪಕರಾದರು. 1960ರಲ್ಲಿ ಅಮೆರಿಕದ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದಿಂದ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು, 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಕಟ್ಟಿದರು, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ಕುಲಪತಿಯಾಗಿದ್ದಾಗ ಪವಾಡಗಳ ತನಿಖೆಗೆಂದು ಸಮಿತಿ ರಚಿಸಿ ಪುಟ್ಟಪರ್ತಿಯ ಬಾಬಾರಿಗೆ ಸವಾಲು ಹಾಕಿದ್ದು ದೇಶವೆಲ್ಲ ಸುದ್ದಿಯಾಯಿತು. ಖಾದಿ ಜುಬ್ಬ, ಗಾಂಧಿ ಟೋಪಿ, ಹಾಸ್ಟೆಲಿನ ಒಂದು ಕೋಣೆ, ಇಷ್ಟರಲ್ಲೇ ಜೀವನ ಸಾಗಿಸಿ 2005ರ ಜನವರಿ 31ರಂದು ತೀರಿಕೊಂಡರು. ಆತ್ಮಕತೆಗೆ ಅವರು ಇಟ್ಟ ಹೆಸರು ‘ಹೋರಾಟದ ಹಾದಿ’.

ಬಡತನ ಅವರನ್ನು ಗಟ್ಟಿ ಮಾಡಿತು ಎಂದು ಹೇಳಿ ಮುಗಿಸಬಹುದು. ಸಾಮಾನ್ಯವಾಗಿ ಹಾಗೆಯೇ ಮುಗಿಸುತ್ತಾರೆ. ಆದರೆ ಅದೇ ಬಡತನ ಹೊಸೂರಿನ ಬೇರೆ ಮನೆಗಳಲ್ಲೂ ಇತ್ತಲ್ಲ?

1967ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ಎಂಬ ಇಬ್ಬರು ತರುಣರು ನಾಯಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಇವತ್ತಾದರೆ ಯಾವ ನೈತಿಕ ಸಮಿತಿಯೂ ಅದಕ್ಕೆ ಸುಲಭವಾಗಿ ಒಪ್ಪಿಗೆ ಕೊಡಲಾರದು. ಕಟ್ಟಿಹಾಕಿದ ನಾಯಿಗಳಿಗೆ ವಿದ್ಯುತ್ ಶಾಕ್ ಕೊಟ್ಟರು. ಒಂದು ಗುಂಪಿನ ನಾಯಿ ತಲೆಯಿಂದ ಪಕ್ಕದ ಹಲಗೆಯನ್ನು ಒತ್ತಿದರೆ ಶಾಕ್ ನಿಲ್ಲುತ್ತಿತ್ತು. ಎರಡನೇ ಗುಂಪಿನ ನಾಯಿ ಏನು ಮಾಡಿದರೂ ನಿಲ್ಲುತ್ತಿರಲಿಲ್ಲ. ಅದಕ್ಕೆ ಶಾಕ್ ನಿಲ್ಲುತ್ತಿದ್ದುದು ಮೊದಲ ಗುಂಪಿನ ಜೊತೆಗಾರ ಹಲಗೆ ಒತ್ತಿದಾಗ ಮಾತ್ರ. ಅಂದರೆ ಎರಡೂ ಅನುಭವಿಸಿದ ನೋವು ಸಮಸಮ. ಮೂರನೇ ಗುಂಪಿಗೆ ಶಾಕೇ ಇಲ್ಲ. ಆಮೇಲೆ ಮೂರೂ ಗುಂಪುಗಳನ್ನು ಗಿಡ್ಡ ತಡೆಯಿದ್ದ ಪೆಟ್ಟಿಗೆಗೆ ಬಿಟ್ಟರು. ತಡೆ ಹಾರಿ ಆಚೆ ಬದಿಗೆ ಹೋದರೆ ನೋವಿನಿಂದ ಪಾರು. ಮೊದಲ ಗುಂಪು ಹಾರಿತು, ಶಾಕ್ ಕಾಣದ ಮೂರನೇ ಗುಂಪೂ ಹಾರಿತು. ಎರಡನೇ ಗುಂಪಿನ ಸುಮಾರು ಮೂರನೇ ಎರಡರಷ್ಟು ನಾಯಿಗಳು ಹಾರಲು ಪ್ರಯತ್ನಿಸದೆ, ನೆಲಕ್ಕೆ ಮೈಚಾಚಿ ಕುಂಯ್ಗುಡುತ್ತ ಶಾಕ್ ತಿಂದವು.

ಮೊದಲೆರಡು ಗುಂಪುಗಳಿಗೆ ಕಷ್ಟದ ಪ್ರಮಾಣದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ತಾನು ಮಾಡಿದ್ದರಿಂದ ಏನಾದರೂ ಬದಲಾಯಿತೇ ಎಂಬಷ್ಟೇ ವ್ಯತ್ಯಾಸ. ಮೊದಲೇ ಒಮ್ಮೆ ಶಾಕ್ ನಿಲ್ಲಿಸಿ ರುಚಿ ಕಂಡ ನಾಯಿಯನ್ನು ಆಮೇಲೆ ನಿಲ್ಲಿಸಲಾಗದ ಶಾಕಿಗೆ ಒಡ್ಡಿದರೆ ಅದು ಹಾಗೆ ಕುಸಿಯುವುದಿಲ್ಲ ಎಂಬುದೂ ಅದೇ ಪ್ರಯೋಗಗಳಲ್ಲಿ ಕಂಡಿತು. ಒಂದು ಸಣ್ಣ ಗೆಲುವು ಮುಂದಿನ ದೊಡ್ಡ ಹೊಡೆತಕ್ಕೆ ಲಸಿಕೆಯಾಗಿತ್ತು.

ಐವತ್ತು ವರ್ಷದ ನಂತರ ಕತೆ ತಿರುವು ಪಡೆಯಿತು. ಮೇಯರ್ ಮನೋವಿಜ್ಞಾನದಿಂದ ನರವಿಜ್ಞಾನಕ್ಕೆ ಹೊರಳಿ, ಇಲಿಗಳ ಮೆದುಳಿನಲ್ಲಿ ಈ ಅಸಹಾಯಕತೆ ಎಲ್ಲಿ ಹುಟ್ಟುತ್ತದೆಂದು ಹುಡುಕಿದರು. ಮೆದುಳಿನ ಕಾಂಡದಲ್ಲಿ ಡಾರ್ಸಲ್ ರಾಫೆ ಎಂಬ ನರಕೋಶಗಳ ಗೊಂಚಲಿದೆ. ನೋವು ಎಡೆಬಿಡದೆ ಬಂದಾಗ ಅದು ಸೆರೊಟೋನಿನ್ ಚೆಲ್ಲುತ್ತದೆ, ಪ್ರಾಣಿ ಮಂಕಾಗಿ ಕೂರುತ್ತದೆ. ಇದನ್ನು ಕಲಿಯಬೇಕಾಗಿಲ್ಲ, ಅದು ಹುಟ್ಟುಗುಣ. ಆದರೆ ‘ಇದು ನನ್ನ ಕೈಯಲ್ಲಿದೆ’ ಎಂದು ಹಣೆಯ ಹಿಂದಿನ ಮುಮ್ಮೆದುಳಿಗೆ ಗೊತ್ತಾದರೆ ಅಲ್ಲಿಂದ ಕೆಳಗಿಳಿಯುವ ನರಗಳು ಆ ಗೊಂಚಲನ್ನು ತಣ್ಣಗಾಗಿಸುತ್ತವೆ. 2016ರಲ್ಲಿ ಇಬ್ಬರೂ ಸೇರಿ ಬರೆದ ಲೇಖನದಲ್ಲಿ ತಮ್ಮ ಹಳೆಯ ಸಿದ್ಧಾಂತವನ್ನು ತಾವೇ ತಿರುವಿಹಾಕಿದರು: ಪ್ರಾಣಿ ಅಸಹಾಯಕತೆಯನ್ನು ಕಲಿಯುವುದಲ್ಲ, ಹಿಡಿತವನ್ನು ಕಲಿಯುತ್ತದೆ. ಐವತ್ತು ವರ್ಷ ತಮಗೆ ಹೆಸರು ತಂದ ಸಿದ್ಧಾಂತವನ್ನು ತಾವೇ ಬುಡಮೇಲು ಮಾಡಲು ಧೈರ್ಯ ಬೇಕು. ಅಂಥದ್ದು ವಿಜ್ಞಾನದಲ್ಲೂ ಅಪರೂಪ.

ಸೋತು ಹಾಸಿಗೆ ಹಿಡಿದವನನ್ನು ‘ಸೋಮಾರಿ’, ‘ಗಟ್ಟಿತನ ಇಲ್ಲ’ ಎಂದು ಬೈಯುವವರು ಇದನ್ನು ಓದಬೇಕು. ಹೊಡೆತದ ಮೇಲೆ ಹೊಡೆತ ಬಿದ್ದಾಗ ಕುಸಿಯುವುದು ದೇಹದ ಸಹಜ ಧರ್ಮ. ಎದ್ದು ನಿಲ್ಲುವುದು ಮಾತ್ರ ಅಭ್ಯಾಸದಿಂದ ಬರುವಂಥದ್ದು, ಅದಕ್ಕೆ ಅಭ್ಯಾಸದ ಅವಕಾಶ ಸಿಗಬೇಕು.

ಶಿಡ್ಲಘಟ್ಟದ ಕಡೆಯ ಹುಳುಮನೆಗಳಿಗೆ ಇಂಥದೊಂದು ಪರೀಕ್ಷೆ ಬಂದದ್ದು ಊಜಿ ನೊಣದ ರೂಪದಲ್ಲಿ. ಪಶ್ಚಿಮ ಬಂಗಾಳದ ಕಡೆಯಿಂದ ಈ ನೊಣ ಕರ್ನಾಟಕಕ್ಕೆ ಬಂದದ್ದು 1980ರಲ್ಲಿ. ಹುಳುವಿನ ಮೈಮೇಲೆ ಅದು ಬಿಳಿ ಚುಕ್ಕೆಯಂಥ ಮೊಟ್ಟೆ ಅಂಟಿಸಿ ಹೋಗುತ್ತದೆ. ಮೊಟ್ಟೆಯಿಂದ ಬಂದ ಮರಿ ಚರ್ಮ ಕೊರೆದು ಒಳಗಿಳಿಯುತ್ತದೆ. ಕೊರೆದ ಜಾಗದಲ್ಲಿ ಕಪ್ಪು ಕಲೆ ಉಳಿಯುತ್ತದೆ. ಒಳಗಿಂದಲೇ ತಿಂದು ಬೆಳೆದು, ಹುಳುವನ್ನು ಕೊಲ್ಲುತ್ತದೆ, ಇಲ್ಲವೇ ಹುಳು ಗೂಡು ಕಟ್ಟುವವರೆಗೆ ಕಾದು ಆ ಗೂಡನ್ನು ತೂತು ಮಾಡಿಕೊಂಡು ಹೊರಬೀಳುತ್ತದೆ. ನಾಲ್ಕನೇ ಜ್ವರ ಎದ್ದು, ಸಾಲ ಮಾಡಿ ತಂದ ಸೊಪ್ಪನ್ನೆಲ್ಲ ತಿಂದು ಮುಗಿಸಿದ ಹುಳುಗಳ ಮೈಮೇಲೆ ಕಪ್ಪು ಕಲೆ ಕಂಡಾಗ ಮನೆಯವರಿಗೆ ಮಾಡಲು ಉಳಿಯುವುದು ಬಹಳ ಕಡಿಮೆ. ‘ಬೆಳೆ ಹೋಯ್ತು’ ಎಂದು ಕೈಚೆಲ್ಲುವುದೇ ಆಗುತ್ತಿತ್ತು.

ಆಮೇಲೆ ಬಂದ ಉಪಾಯಗಳಲ್ಲಿ ಬಹುಪಾಲು ಬಡಜನರ ಕೈಗೆಟಕುವಂಥವು. ಕಿಟಕಿ, ಬಾಗಿಲಿಗೆ ನೈಲಾನ್ ಪರದೆ. ಹುಳುಮನೆಗೆ ನೇರ ನುಗ್ಗದಂತೆ ಮುಂದೊಂದು ಸಣ್ಣ ಕೋಣೆ. ನೆಲದ ಬಿರುಕು ಮುಚ್ಚಿ, ಅಲ್ಲಿ ಅವಿತ ಊಜಿ ಮರಿಗಳನ್ನು ಆರಿಸಿ ಸಾಯಿಸುವುದು. ಊಜಿಯ ಕೋಶದೊಳಗೇ ಮೊಟ್ಟೆ ಇಟ್ಟು ಅದನ್ನು ಕೊಲ್ಲುವ ನೆಸೊಲಿಂಕ್ಸ್ ಥೈಮಸ್ ಎಂಬ ಸಣ್ಣ ಕಣಜವನ್ನು ರೇಷ್ಮೆ ಸಂಶೋಧನಾ ಸಂಸ್ಥೆಗಳು ಸಾಕಿ ರೈತರಿಗೆ ಕೊಟ್ಟವು. ನೊಣ ಇವತ್ತಿಗೂ ತೊಲಗಿಲ್ಲ. ಆದರೆ ಬೆಳೆ ಹೋದ ಮನೆಯಲ್ಲಿ ಈಗ ಕೇಳುವ ಪ್ರಶ್ನೆ ‘ಪರದೆ ಎಲ್ಲಿ ಹರಿದಿತ್ತು?’ ಎಂಬುದು. ಪ್ರಯೋಗದ ನಾಯಿಗೆ ಹಲಗೆ ಇದ್ದಂತೆ ಇವರಿಗೆ ಒಂದು ಪರದೆ ಸಿಕ್ಕಿತು.

ಮನೋರೋಗ ಚಿಕಿತ್ಸೆಯಲ್ಲೂ ಇದೇ ತತ್ತ್ವ ಕೆಲಸ ಮಾಡುತ್ತದೆ. ಖಿನ್ನತೆಯಿಂದ ಮಂಕು ಕವಿದು ಕೂತವರಿಗೆ ‘ಧೈರ್ಯ ತಂದುಕೋ’ ಎಂದು ಉಪದೇಶಿಸುವುದಕ್ಕಿಂತ, ಇವತ್ತು ಮಾಡಿ ಮುಗಿಸಬಹುದಾದ ಒಂದು ಸಣ್ಣ ಕೆಲಸವನ್ನು ಹಿಡಿಸುವುದು ಹೆಚ್ಚು ಫಲ ಕೊಡುತ್ತದೆ: ಸ್ನಾನ, ಅಂಗಡಿಯವರೆಗಿನ ನಡಿಗೆ, ಬಾಕಿ ಉಳಿದ ಒಂದು ಫೋನ್ ಕರೆ. ಉತ್ಸಾಹ ಬಂದ ಮೇಲೆ ಕೆಲಸ ಮಾಡುತ್ತೇನೆ ಎಂದು ಕಾದರೆ ಅದು ಬಾರದು, ಕೆಲಸದ ಹಿಂದೆ ಉತ್ಸಾಹ ಬರುತ್ತದೆ. ಅಷ್ಟೂ ಆಗದ ಸ್ಥಿತಿಯಲ್ಲಿರುವವರಿಗೆ 2022ರ ಅಕ್ಟೋಬರಿನಿಂದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416. ಇದರ ಸೂತ್ರ ಹಿಡಿದಿರುವುದು ಬೆಂಗಳೂರಿನ ನಿಮ್ಹಾನ್ಸ್. ಕನ್ನಡದಲ್ಲೇ ಮಾತಾಡಬಹುದು.

ಇಲ್ಲಿ ಒಂದು ಅಪಾಯವಿದೆ, ಅದನ್ನು ನುಂಗಿಕೊಂಡು ಮುಂದೆ ಹೋಗುವುದು ಸರಿಯಲ್ಲ. ಹಿಡಿತ ಕಲಿಯಬಹುದು ಎಂದೊಡನೆ ‘ಎಲ್ಲ ನಿನ್ನ ಕೈಯಲ್ಲೇ ಇದೆ’ ಎಂದು ಹೇಳುವವರು ಎದ್ದು ನಿಲ್ಲುತ್ತಾರೆ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಕೆರೆ ಬತ್ತಿ, ಸಾವಿರ ಅಡಿ ದಾಟಿ ಕೊರೆಸಿದ ಕೊಳವೆಬಾವಿಯಲ್ಲಿ ಬರೀ ಧೂಳು ಎದ್ದಾಗ ರೈತನ ಮನಸ್ಥಿತಿ ಬದಲಿಸಿ ಉಪಯೋಗವೇನು? 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಒಂದೇ ಏಟಿಗೆ ಶೇ. 5ಕ್ಕೆ ಇಳಿಸಿದರು, ಗೂಡಿನ ಬೆಲೆ ನೆಲ ಕಚ್ಚಿತು. ಅದಕ್ಕೆ ಯಾವ ಪರದೆ ಕಟ್ಟುವುದು? ಇಂಥ ಕಡೆ ಒಬ್ಬೊಬ್ಬನ ಹಿಡಿತಕ್ಕೆ ಸಿಗದ್ದು ಹತ್ತು ಜನ ಸೇರಿದರೆ ಅಷ್ಟಿಷ್ಟು ಸಿಗುತ್ತದೆ. ಶಾಶ್ವತ ನೀರಾವರಿಗಾಗಿ ಈ ಜಿಲ್ಲೆಯ ಜನ ವರ್ಷಗಟ್ಟಲೆ ಬೀದಿಗಿಳಿದದ್ದನ್ನು ರಾಜಕೀಯವಾಗಿ ಹೇಗೆ ಬೇಕಾದರೂ ಅಳೆಯಿರಿ, ಮನೋವಿಜ್ಞಾನದ ಕಣ್ಣಿಗೆ ಅದು ಆರೋಗ್ಯದ ಲಕ್ಷಣ.

ಇನ್ನು ನೂಲು ಬಿಚ್ಚುವ ಫಿಲೇಚರುಗಳಿಗೆ ಬನ್ನಿ. ಗೂಡನ್ನು ಕುದಿನೀರಿನಲ್ಲಿ ಬೇಯಿಸಿ, ಕೈಯಾಡಿಸಿ ಎಳೆಯ ತುದಿ ಹುಡುಕಬೇಕು. ಆ ತುದಿ ಸಿಕ್ಕರೆ ಒಂದೇ ಎಳೆ ನೂರಾರು ಮೀಟರು ಬಿಚ್ಚಿಕೊಳ್ಳುತ್ತದೆ. ಈ ಕೆಲಸಕ್ಕೆ ಮಕ್ಕಳ ಎಳೆಯ ಬೆರಳುಗಳನ್ನು ಬಳಸಿದ ಕಾಲವೊಂದಿತ್ತು. ಭಾರತದ ರೇಷ್ಮೆ ಉದ್ಯಮದಲ್ಲಿ ಜೀತಕ್ಕಿದ್ದ ಮಕ್ಕಳ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ 2003ರಲ್ಲಿ ಪ್ರಕಟಿಸಿದ ವರದಿಯಲ್ಲಿ ಕರ್ನಾಟಕವೂ ಇದೆ. ಬೆಂದು ಬೊಬ್ಬೆಯೆದ್ದ ಕೈಗಳಿಂದ ಆ ಮಕ್ಕಳು ಕಲಿತದ್ದು ಗಟ್ಟಿತನವನ್ನಲ್ಲ. ಕಷ್ಟವನ್ನು ಗುರು ಎನ್ನುವವರು ಆ ಕೈಗಳನ್ನು ಒಮ್ಮೆ ನೆನೆಯಬೇಕು.

ಎಷ್ಟು ಕಷ್ಟ ಎಂಬ ಲೆಕ್ಕವೂ ಮುಖ್ಯ. ಮಾರ್ಕ್ ಸೀರಿ ಮತ್ತು ಸಂಗಡಿಗರು 2010ರಲ್ಲಿ ಅಮೆರಿಕದ 2,398 ಜನರ ಬದುಕಿನ ಆಘಾತಗಳನ್ನು ಪಟ್ಟಿ ಮಾಡಿ, ಅವರ ಮಾನಸಿಕ ಆರೋಗ್ಯವನ್ನು ಹಲವು ವರ್ಷ ಗಮನಿಸಿದ ಅಧ್ಯಯನ ಪ್ರಕಟಿಸಿದರು. ಬಹಳ ಆಘಾತ ಕಂಡವರು ಕುಗ್ಗಿದ್ದರು, ಇದು ನಿರೀಕ್ಷಿತವೇ. ಆದರೆ ಒಂದೂ ಆಘಾತ ಕಾಣದವರಿಗಿಂತ ಅಷ್ಟಿಷ್ಟು ಕಂಡವರ ಸ್ಥಿತಿ ಚೆನ್ನಾಗಿತ್ತು. ಹೊಸ ತೊಂದರೆ ಎದುರಾದಾಗಲೂ ಅವರು ಹೆಚ್ಚು ತಾಳಿಕೊಂಡರು. ಊಟಕ್ಕೆ ಉಪ್ಪಿನಷ್ಟು ಕಷ್ಟ, ಅದಕ್ಕಿಂತ ಹೆಚ್ಚಾದರೆ ಬಾಯಿಗಿಡಲಾಗದು.

‘ಆ ಘಟನೆಯಿಂದ ನಾನು ಬೆಳೆದೆ’ ಎಂದು ಜನ ಹೇಳುವುದನ್ನು ಎಷ್ಟು ನಂಬಬೇಕು ಎಂಬುದು ಬೇರೆ ಪ್ರಶ್ನೆ. ರಿಚರ್ಡ್ ಟೆಡೆಸ್ಕಿ ಮತ್ತು ಲಾರೆನ್ಸ್ ಕ್ಯಾಲ್‌ಹೌನ್ 1996ರಲ್ಲಿ ಆಘಾತದ ನಂತರದ ಬೆಳವಣಿಗೆಯನ್ನು ಅಳೆಯಲು 21 ಪ್ರಶ್ನೆಗಳ ಮಾಪನವನ್ನು ರೂಪಿಸಿದರು. ಸಂಬಂಧಗಳು ಗಾಢವಾದವೇ, ಹೊಸ ದಾರಿ ಕಂಡಿತೇ, ಬದುಕಿನ ಬೆಲೆ ತಿಳಿಯಿತೇ ಎಂಬಂಥ ಪ್ರಶ್ನೆಗಳು. ಬಹಳ ಜನ ಹೌದೆಂದರು. 2009ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಫ್ರೇಜಿಯರ್ ಇದನ್ನು ಪರೀಕ್ಷೆಗೆ ಒಡ್ಡಿದರು: ಆಘಾತಕ್ಕೆ ಮುಂಚೆಯೂ ನಂತರವೂ ವಿದ್ಯಾರ್ಥಿಗಳನ್ನು ಅಳೆದು, ‘ಬೆಳೆದೆ’ ಎಂದವರು ನಿಜವಾಗಿ ಬದಲಾಗಿದ್ದಾರೆಯೇ ಎಂದು ನೋಡಿದರು. ಹೇಳಿಕೆಗೂ ನಿಜವಾದ ಬದಲಾವಣೆಗೂ ತಾಳೆಯಾಗಲಿಲ್ಲ. ನೋವನ್ನು ಸಹಿಸಲು ಮನಸ್ಸು ಅದಕ್ಕೊಂದು ಅರ್ಥ ಕಟ್ಟಿಕೊಳ್ಳುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಬೇರೆಯವರ ನೋವಿಗೆ ನಾವು ಅರ್ಥ ಕಟ್ಟಿಕೊಟ್ಟಾಗ ಮಾತ್ರ ಅದು ಕ್ರೌರ್ಯವಾಗುತ್ತದೆ. ಸಾವಿನ ಮನೆಗೆ ಹೋಗಿ ‘ಎಲ್ಲ ಒಳ್ಳೇದಕ್ಕೇ’ ಎನ್ನುವವರನ್ನು ನಾವೆಲ್ಲ ಕಂಡಿದ್ದೇವೆ.

ಈಗ ಹೊಸೂರಿನ ಹುಡುಗನ ಕಡೆ ಮತ್ತೆ ನೋಡಿದರೆ ನಡಿಗೆಯಷ್ಟೇ ಕಣ್ಣಿಗೆ ಬೀಳುವುದಿಲ್ಲ, ನಾರಾಯಣರಾಯರೂ ಕಾಣುತ್ತಾರೆ. ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಹಿಂಬಾಲಿಸಿದರು. ಬಡತನ, ಕುಡುಕ ತಂದೆ, ಕಾಯಿಲೆಯ ತಾಯಿ ಹೀಗೆ ಹಲವು ಹೊರೆಗಳಡಿ ಬೆಳೆದ ಮಕ್ಕಳಲ್ಲಿ ಸುಮಾರು ಮೂರನೇ ಒಂದು ಭಾಗ ಯಾವ ತೊಂದರೆಗೂ ಸಿಕ್ಕಿಕೊಳ್ಳದೆ ಸಮರ್ಥರಾಗಿ ಬೆಳೆದರು. ಅವರ ಬದುಕಿನಲ್ಲೆಲ್ಲ ಆಸರೆಯಾಗಿ ಒಬ್ಬರಾದರೂ ಇದ್ದರು: ಅಜ್ಜಿ, ಚಿಕ್ಕಮ್ಮ, ನೆರೆಯವರು, ಇಲ್ಲವೇ ಮೇಷ್ಟ್ರು. ಹದಿಹರೆಯದಲ್ಲಿ ದಾರಿ ತಪ್ಪಿದವರಲ್ಲೂ ಹೆಚ್ಚಿನವರು ಮೂವತ್ತರ ಹೊತ್ತಿಗೆ ಸರಿಹೋದರು. ಒಂದು ಕಾಲೇಜು, ಒಂದು ಉದ್ಯೋಗ, ಒಂದು ಒಳ್ಳೆಯ ಮದುವೆ ಅವರಿಗೆ ಎರಡನೇ ಅವಕಾಶ ಕೊಟ್ಟಿತ್ತು.

ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಕತೆಯ ಎಲುಬೂ ಇದೇ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ ಹುಡುಗ ಪಾಠ ಹೇಳಿ ಸಂಪಾದಿಸುತ್ತ 1881ರಲ್ಲಿ ಬಿ.ಎ. ಮುಗಿಸಿದ್ದು ಅವರ ಶ್ರಮ. ಮುಂದೆ ಪುಣೆಯಲ್ಲಿ ಎಂಜಿನಿಯರಿಂಗ್ ಓದಲು ನೆರವಾದದ್ದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನ. ಬೀದಿದೀಪದ ಕೆಳಗೆ ಓದಿದ ಪ್ರಸಂಗವನ್ನು ನಾವು ಉತ್ಸಾಹದಿಂದ ಹೇಳುತ್ತೇವೆ, ವಿದ್ಯಾರ್ಥಿವೇತನದ ಮಾತು ಬಂದಾಗ ದನಿ ಇಳಿಯುತ್ತದೆ. ದೀಪದ ಕತೆಗೆ ಸರ್ಕಾರದ ಖಜಾನೆಯಿಂದ ಕಾಸು ಖರ್ಚಾಗುವುದಿಲ್ಲವಲ್ಲ.

ಗೆದ್ದವರ ಆತ್ಮಕತೆಗಳು ಮಾತ್ರ ಅಚ್ಚಾಗುತ್ತವೆ. 1935ರಲ್ಲಿ ಹೊಸೂರಿನ ಶಾಲೆ ಬಿಟ್ಟು, ನಡೆಯಲು ಧೈರ್ಯ ಸಾಲದೆಯೋ, ಹೊಲದಲ್ಲಿ ಕೈಯಾಳಾಗಿ ಬೇಕಾಗಿಯೋ, ಹೆಣ್ಣಾಗಿ ಹುಟ್ಟಿದ್ದಕ್ಕೋ ಮನೆಯಲ್ಲೇ ಉಳಿದವರ ಪುಸ್ತಕ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ನರಸಿಂಹಯ್ಯನವರಿಗೆ ಆ ಮಕ್ಕಳ ನೆನಪು ಇತ್ತೋ ಏನೋ, ನ್ಯಾಷನಲ್ ಶಿಕ್ಷಣ ಸಂಸ್ಥೆಯ ಚುಕ್ಕಾಣಿ ಹಿಡಿದಾಗ ಕಾಲೇಜುಗಳನ್ನು ಅವರು ಬೆಂಗಳೂರಿನಲ್ಲಷ್ಟೇ ಬೆಳೆಸಲಿಲ್ಲ. ಗೌರಿಬಿದನೂರಿನಲ್ಲಿ ಒಂದು ನ್ಯಾಷನಲ್ ಕಾಲೇಜು ಆಯಿತು, ಆಂಧ್ರದ ಗಡಿಗೆ ಅಂಟಿಕೊಂಡ ಬಾಗೇಪಲ್ಲಿಯಲ್ಲಿ ಇನ್ನೊಂದು. ಎರಡೂ ಈಗಲೂ ನಡೆಯುತ್ತಿವೆ. ಹೊಸೂರಿನಿಂದ ಗೌರಿಬಿದನೂರಿಗೆ ಬಸ್ಸಿದೆ.